ಸಿನಿಮಾ ಡಿಸ್ಕ್‌ಗೆ ‘ಶೇ 60 ರಿಯಾಯಿತಿ’: ಯಾವ ಬೆಲೆಯ ಮೇಲೆ?

ಮಾನ್ಯರೆ,

ಹಬ್ಬದ ಮಾರಾಟ ಶುರುವಾಯಿತೆಂದರೆ ಆನ್‌ಲೈನ್ ಮಳಿಗೆಗಳಲ್ಲಿ ಸಿನಿಮಾ ಡಿವಿಡಿ, ಬ್ಲೂ-ರೇಗಳಿಗೂ ಭಾರೀ ರಿಯಾಯಿತಿ. ಸಿದ್ದಾಪುರ, ಜೊಯಿಡಾದ ಒಳಹಳ್ಳಿಗಳಲ್ಲಿ ಸಿಗ್ನಲ್ ನಂಬಿಕೊಂಡು ಇಡೀ ಸಿನಿಮಾ ನೋಡುವುದು ಕಷ್ಟ. ಡಿಸ್ಕ್ ಬೇಕೆನ್ನುವವರು ಈಗಲೂ ಇದ್ದಾರೆ. ಅವರಿಗಾಗಿ ಈ ಪತ್ರ.

ಗೆರೆ ಎಳೆದು ತೋರಿಸುವ ಎಂಆರ್‌ಪಿಯನ್ನು ಸಾಮಾನ್ಯವಾಗಿ ತುಂಬುವವರು ಮಾರಾಟಗಾರರೇ. ಡಬ್ಬಿಯ ಹಿಂದೆ 599 ರೂ. ಅಚ್ಚಾಗಿದ್ದು, ಪುಟದಲ್ಲಿ 1,499 ಎಂದು ಹಾಕಿದರೆ ಶೇ 60 ಕಳೆದ ಮೇಲೂ ನೀವು ಕೊಡುವುದು ಅದೇ 599. ಒಂದು ರೂಪಾಯಿಯೂ ಇಳಿದಿಲ್ಲ! ಹಾಗಾಗಿ ಡಬ್ಬಿಯ ಹಿಂಬದಿಯ ಚಿತ್ರವನ್ನು ದೊಡ್ಡದು ಮಾಡಿ ‘ಎಲ್ಲ ತೆರಿಗೆ ಸೇರಿ’ ಎಂದಿರುವ ಬೆಲೆಯನ್ನೇ ಓದಿ. ಚಿತ್ರ ಇಲ್ಲವಾದರೆ ಡಿಸ್ಕ್ ಕೈಗೆ ಬಂದಾಗ ಪ್ಲಾಸ್ಟಿಕ್ ಹರಿಯುವ ಮೊದಲೇ ನೋಡಿ. ಹರಿದ ಮೇಲೆ ವಾಪಸ್ ಪಡೆಯಲು ತಕರಾರು ತೆಗೆಯುತ್ತಾರೆ.

ಬೆಳಿಗ್ಗೆ ಇದ್ದ ಬೆಲೆ ಸಂಜೆಗೆ ಏರುವುದಕ್ಕೂ ಕಾರಣವಿದೆ. ಒಂದೇ ಡಿಸ್ಕ್‌ಗೆ ಹಲವು ಮಾರಾಟಗಾರರಿದ್ದರೂ ಪುಟದಲ್ಲಿ ಎದ್ದು ಕಾಣುವುದು ಒಬ್ಬರದೇ ಬೆಲೆ. ಅವರ ದಾಸ್ತಾನು ಮುಗಿದರೆ ಮುಂದಿನವರ ಹೆಚ್ಚಿನ ಬೆಲೆ ಮೇಲೆ ಬರುತ್ತದೆ. ಪರಸ್ಪರರ ಬೆಲೆ ನೋಡಿ ತಾನಾಗಿ ಏರಿಸಿ ಇಳಿಸುವ ತಂತ್ರಾಂಶಗಳೂ ಇವೆ. ‘ಇತರ ಮಾರಾಟಗಾರರು’ ಎಂಬಲ್ಲಿ ಒತ್ತಿ ನೋಡುವುದು ಒಳ್ಳೆಯದು.

ಮುದ್ರಣ ನಿಂತ ಡಿಸ್ಕ್‌ಗಳ ಕಥೆಯೇ ಬೇರೆ. 2007ರಲ್ಲಿ ಮೋಸರ್ ಬೇರ್ ಸಂಸ್ಥೆ ವಿಸಿಡಿಗೆ 28, ಡಿವಿಡಿಗೆ 34 ರೂ. ಇಟ್ಟು ಮಾರುಕಟ್ಟೆಗೆ ಬಂದಿತ್ತು. ಅಂಥದ್ದನ್ನು ಯಾರಾದರೂ ‘ಅಪರೂಪದ್ದು’ ಎಂದು ನೂರಾರು ರೂಪಾಯಿಗೆ ಇಟ್ಟರೆ, ಹಳೆಯದೋ ಹೊಸದೋ ಕೇಳಿ. ಸೀಲ್ ಒಡೆಯದ ಹೊಸ ಡಿಸ್ಕನ್ನು ಅಚ್ಚಾದ ಬೆಲೆ ಮೀರಿ ಮಾರಲು 2011ರ ಪೊಟ್ಟಣ ಸರಕುಗಳ ನಿಯಮ ಬಿಡುವುದಿಲ್ಲ.

ಶೇ 40 ರಿಯಾಯಿತಿಯ ಮೇಲೆ ಶೇ 10 ಕೂಪನ್ ಸೇರಿದರೆ 50 ಆಗದು: 1,000 ರೂ. 600ಕ್ಕೆ, ಆಮೇಲೆ 540ಕ್ಕೆ ಇಳಿಯುತ್ತದೆ. ಒಟ್ಟು ಶೇ 46. ಬ್ಯಾಂಕ್ ಕಾರ್ಡಿನ ಕಡಿತಕ್ಕೆ ಕನಿಷ್ಠ ಖರೀದಿ, ಗರಿಷ್ಠ ಮಿತಿ ಎರಡೂ ಇರುತ್ತವೆ. ಶಿರಸಿಯ 581401 ಪಿನ್ ಹಾಕಿ, ಸಾಗಣೆ ವೆಚ್ಚ ಸೇರಿದ ಕೊನೆಯ ಮೊತ್ತವನ್ನು ಹೋಲಿಸಿ. ವಿದೇಶಿ ಡಿಸ್ಕ್ ಅಗ್ಗವೆಂದು ಹಿಗ್ಗಬೇಡಿ: ಡಿಸ್ಕ್ ಯಾವ ದೇಶಗಳ ಪ್ಲೇಯರ್‌ನಲ್ಲಿ ಓಡಬೇಕೆಂದು ಹೇಳುವ ‘ವಲಯ’ ಸಂಕೇತವಿದೆ. ಭಾರತದ ಡಿವಿಡಿ ವಲಯ 5, ಬ್ಲೂ-ರೇ ವಲಯ ‘ಸಿ’, ಅಮೆರಿಕದ್ದು 1 ಮತ್ತು ‘ಎ’. ನಮ್ಮ ಪ್ಲೇಯರ್‌ಗಳಲ್ಲಿ ಅವು ಸಾಮಾನ್ಯವಾಗಿ ಓಡವು.

ಮೋಸ ಕಂಡರೆ ಪುಟದ ಸ್ಕ್ರೀನ್‌ಶಾಟ್, ಬಿಲ್, ಡಬ್ಬಿಯ ಹಿಂಬದಿಯ ಫೋಟೊ ಇಟ್ಟುಕೊಳ್ಳಿ. 2020ರ ಇ-ಕಾಮರ್ಸ್ ನಿಯಮದಂತೆ ಮಳಿಗೆಯ ದೂರು ಅಧಿಕಾರಿ 48 ಗಂಟೆಯೊಳಗೆ ದೂರು ಸ್ವೀಕರಿಸಿದ್ದನ್ನು ತಿಳಿಸಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು. ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಅಥವಾ ಕಾರವಾರದ ಗ್ರಾಹಕರ ಆಯೋಗಕ್ಕೆ ಹೋಗಿ. ಖರೀದಿ ಮೊತ್ತ 5 ಲಕ್ಷದವರೆಗೆ ಶುಲ್ಕವಿಲ್ಲ.

ಸಂತೆಯ ತಕ್ಕಡಿ ಪರೀಕ್ಷಿಸುವ ಕಾನೂನು ಮಾಪನಶಾಸ್ತ್ರ ಇಲಾಖೆ, ಹಬ್ಬದ ವಾರದಲ್ಲಾದರೂ ಈ ಪುಟಗಳ ಎಂಆರ್‌ಪಿಯನ್ನು ಡಬ್ಬಿಯ ಬೆಲೆಯೊಂದಿಗೆ ತಾಳೆ ನೋಡಲಿ.

– ಒಬ್ಬ ಗ್ರಾಹಕ, ಶಿರಸಿ