“ಜನರಿಗೆ ಇದೇ ಬೇಕು” ಎಂದವರು ಯಾರನ್ನು ಕೇಳಿದರು? ಪ್ರಸಾರ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವರಿಗೆ,

ವಂದನೆಗಳು.

2023ರ ಬರದಲ್ಲಿ ಕರ್ನಾಟಕದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ರಾಜ್ಯ ಸರ್ಕಾರವೇ ಘೋಷಿಸಿತ್ತು. ಆ ದಿನಗಳಲ್ಲಿ ನಾನು ನೋಡುತ್ತಿದ್ದ ಕನ್ನಡ ಸುದ್ದಿವಾಹಿನಿಯೊಂದರಲ್ಲಿ ಸಂಜೆಯ ಹೊತ್ತು ಬರ ಕಾಣಿಸುತ್ತಿದ್ದದ್ದು ಪರದೆಯ ತಳದಲ್ಲಿ ಓಡುವ ಟಿಕರ್ ಸಾಲಿನಲ್ಲಿ. ಅದರ ಮೇಲೆ ಆರು ಚೌಕಗಳಲ್ಲಿ ಆರು ಮಂದಿ ಒಬ್ಬರ ಮಾತಿನ ಮೇಲೊಬ್ಬರು ಮಾತು ಹೇರುತ್ತಿದ್ದರು. ಇದು ಸರಿಯೇ ಎಂದು ವಾಹಿನಿಗೆ ಬರೆದು ಕೇಳಿದೆ. ಉತ್ತರ ಬಂತು, ಸೌಜನ್ಯದ ಉತ್ತರವೇ. ತಿರುಳು ಎರಡು ಮಾತು: ಯಾವ ಸುದ್ದಿಗೆ ಎಷ್ಟು ಹೊತ್ತು ಕೊಡಬೇಕೆಂಬುದು ಸಂಪಾದಕರ ವಿವೇಚನೆಗೆ ಬಿಟ್ಟದ್ದು, ನೋಡುಗರು ಬಯಸುವುದನ್ನೇ ನಾವು ಕೊಡುತ್ತಿದ್ದೇವೆ.

ಮೊದಲನೆಯದನ್ನು ಒಪ್ಪುತ್ತೇನೆ. ಆ ವಿವೇಚನೆಗೆ ತಮ್ಮ ಸಚಿವಾಲಯ ಕೈ ಹಾಕಿದರೆ ವಾಹಿನಿಯ ಪರವಾಗಿ ತಮಗೇ ಇನ್ನೊಂದು ಪತ್ರ ಬರೆಯುತ್ತೇನೆ. ನನ್ನ ತಕರಾರು ಇರುವುದು ಎರಡನೆಯ ಮಾತಿನ ಬಗ್ಗೆ. ನೋಡುಗರಿಗೆ ಏನು ಬೇಕು ಎಂಬುದು ವಾಹಿನಿಗೆ ಹೇಗೆ ಗೊತ್ತಾಯಿತು? ಕೇಳಿದವರು ಯಾರು, ಹೇಳಿದವರು ಯಾರು?

ವಾಹಿನಿಯನ್ನು ಬಿಟ್ಟು ಈ ಪ್ರಶ್ನೆಯನ್ನು ತಮ್ಮ ಮುಂದೆ ತಂದದ್ದಕ್ಕೆ ಕಾರಣವಿದೆ. 2021ರ ಜೂನ್‌ನಲ್ಲಿ ಕೇಬಲ್ ಟಿವಿ ನಿಯಮಗಳಿಗೆ ಆದ ತಿದ್ದುಪಡಿಯಂತೆ ನೋಡುಗನ ದೂರಿಗೆ ಮೂರು ಮೆಟ್ಟಿಲುಗಳಿವೆ. ಮೊದಲು ಹದಿನೈದು ದಿನಗಳೊಳಗೆ ವಾಹಿನಿಯ ಉತ್ತರ, ಅದು ತೃಪ್ತಿ ಕೊಡದಿದ್ದರೆ ವಾಹಿನಿಗಳೇ ಕಟ್ಟಿಕೊಂಡ ಸ್ವಯಂನಿಯಂತ್ರಣ ಸಂಸ್ಥೆ, ಅದಕ್ಕೂ ಮೇಲೆ ಸರ್ಕಾರದ ಸಮಿತಿ. ದೂರನ್ನು ಅಳೆಯುವ ಮುಖ್ಯ ಕೋಲು ಕಾರ್ಯಕ್ರಮ ಸಂಹಿತೆ. ಆ ಸಂಹಿತೆಯ ಬಹುಭಾಗ ಏನನ್ನು ತೋರಿಸಬಾರದು ಎಂಬ ಪಟ್ಟಿ. ತೋರಿಸದೆ ಬಿಟ್ಟದ್ದರ ಬಗ್ಗೆ ದೂರಲು ಅಲ್ಲಿ ಜಾಗವಿಲ್ಲ. ಇರಲೂಬಾರದು ಎಂದೇ ನನ್ನ ಅಭಿಪ್ರಾಯ. ಯಾವ ಸುದ್ದಿ ಬಿಟ್ಟುಹೋಯಿತೆಂದು ಅಧಿಕಾರಿಯೊಬ್ಬರು ಕುಳಿತು ತೀರ್ಮಾನಿಸುವ ಕಾಲ ಬಂದರೆ, ಮೊದಲು ಬಿಟ್ಟುಹೋಗುವುದು ಸರ್ಕಾರಕ್ಕೆ ಹಿಡಿಸದ ಸುದ್ದಿ. ಆದ್ದರಿಂದ ದೂರಿನ ದಾರಿ ಬಿಟ್ಟಿದ್ದೇನೆ. “ಜನರಿಗೆ ಇದೇ ಬೇಕು” ಎಂಬ ನಂಬಿಕೆ ಯಾವ ಲೆಕ್ಕದ ಮೇಲೆ ನಿಂತಿದೆಯೋ, ಆ ಲೆಕ್ಕದ ನಿಯಮಗಳು ತಮ್ಮ ಕೈಯಲ್ಲಿವೆ. ಮಾತು ಅಲ್ಲಿಂದ ಶುರುವಾಗಲಿ.

ಯಾವ ವಾಹಿನಿಯನ್ನು ಎಷ್ಟು ಜನ ನೋಡಿದರೆಂದು ಲೆಕ್ಕ ಹಾಕುವ ಟಿವಿ ರೇಟಿಂಗ್ ಸಂಸ್ಥೆಗಳಿಗೆ ತಮ್ಮ ಸಚಿವಾಲಯ ಮಾರ್ಗಸೂಚಿ ಹೊರಡಿಸಿದ್ದು 2014ರ ಜನವರಿಯಲ್ಲಿ. 2015ರಿಂದ ಈ ಅಂಕಿಗಳನ್ನು ಕೊಡುತ್ತಿರುವುದು ಬಾರ್ಕ್. ಪ್ರಸಾರಕರು, ಜಾಹೀರಾತುದಾರರು, ಜಾಹೀರಾತು ಏಜೆನ್ಸಿಗಳು ಸೇರಿ ಕಟ್ಟಿಕೊಂಡ ಸಂಸ್ಥೆ ಅದು. ವಾಹಿನಿಯ ಧ್ವನಿಯೊಳಗೆ ಕಿವಿಗೆ ಕೇಳಿಸದ ಒಂದು ಸಂಕೇತ ಸೇರಿಸಿರುತ್ತಾರೆ. ಆಯ್ದ ಮನೆಗಳಲ್ಲಿ ಇಟ್ಟ ಮೀಟರ್ ಅದನ್ನು ಹಿಡಿಯುತ್ತದೆ. ಟಿವಿಯ ಮುಂದೆ ಕುಳಿತವರು ತಮ್ಮ ತಮ್ಮ ಪಾಲಿನ ಗುಂಡಿ ಒತ್ತಿ ಹಾಜರಿ ಹಾಕಬೇಕು. 2020ರ ಹೊತ್ತಿಗೆ ದೇಶದಲ್ಲಿ ಸುಮಾರು 21 ಕೋಟಿ ಮನೆಗಳಲ್ಲಿ ಟಿವಿ ಇತ್ತು, ಮೀಟರ್ ಇದ್ದದ್ದು ಸುಮಾರು 44 ಸಾವಿರ ಮನೆಗಳಲ್ಲಿ. ಇಷ್ಟು ಕಡಿಮೆಯೇ ಎಂದು ಹಲವರು ಮೂಗು ಮುರಿಯುತ್ತಾರೆ. ನಾನು ಮುರಿಯುವುದಿಲ್ಲ. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಹಿಸುಕಿದರೆ ಸಾಕು. ಆದರೆ ಉಣ್ಣುವವನಿಗೆ ಅನ್ನ ಬೇಕಿತ್ತೋ ಮುದ್ದೆ ಬೇಕಿತ್ತೋ ಎಂಬುದನ್ನು ಎಷ್ಟು ಅಗುಳು ಹಿಸುಕಿದರೂ ತಿಳಿಯಲಾಗದು.

ಜಾಹೀರಾತಿನ ದರ ಗೊತ್ತುಮಾಡಲು ಈ ಹಾಜರಿ ಪುಸ್ತಕ ಸಾಕು. ಹತ್ತು ಸೆಕೆಂಡಿನ ಜಾಗ ಕೊಳ್ಳುವವನಿಗೆ ಎದುರಿಗೆ ಎಷ್ಟು ಜನ ಕುಳಿತಿದ್ದರು ಎಂದಷ್ಟೇ ಗೊತ್ತಾಗಬೇಕು. ಸಿಟ್ಟಿನಿಂದ ನೋಡುತ್ತಿದ್ದವನು, ತೂಕಡಿಸುತ್ತಿದ್ದವನು, ಬೇರೇನೂ ಇಲ್ಲವೆಂದು ಹಾಕಿಕೊಂಡವನು ಎಲ್ಲರೂ ಅವನಿಗೆ ಒಂದೇ. ಸುದ್ದಿಮನೆಗೆ ಹಾಗಲ್ಲವಲ್ಲ. ರಾತ್ರಿ ಒಂಬತ್ತಕ್ಕೆ ಎಲ್ಲ ವಾಹಿನಿಗಳಲ್ಲೂ ಜಗಳವೇ ನಡೆಯುತ್ತಿದ್ದರೆ, ಯಾವ ಜಗಳಕ್ಕೆ ಹೆಚ್ಚು ಜನ ಎಂದು ಮೀಟರ್ ಹೇಳೀತು. ಜಗಳ ಬೇಕಿತ್ತೇ ಎಂದು ಹೇಳಲು ಅದಕ್ಕೆ ಬಾಯಿಯಿಲ್ಲ. ಟಿವಿ ಆರಿಸಿ ಎದ್ದುಹೋದವರು ಯಾವುದಕ್ಕೆ ಬೇಸತ್ತರು ಎಂಬುದಂತೂ ಅದರ ಹೊರಗಿನ ಮಾತು. ಇದರ ಮೇಲೆ ಲ್ಯಾಂಡಿಂಗ್ ಪೇಜ್ ಎಂಬ ವ್ಯಾಪಾರ ಬೇರೆ: ಸೆಟ್ ಟಾಪ್ ಬಾಕ್ಸ್ ಹಾಕಿದೊಡನೆ ಮೊದಲು ತೆರೆದುಕೊಳ್ಳುವ ಜಾಗವನ್ನು ವಾಹಿನಿಗಳು ಹಣ ಕೊಟ್ಟು ಹಿಡಿಯುತ್ತವೆ. ನಾನು ಆರಿಸದ ವಾಹಿನಿ ನನ್ನ ಮನೆಯಲ್ಲಿ ಮಾತನಾಡತೊಡಗುತ್ತದೆ.

“ಏನು ಮಾಡುವುದು, ಟಿಆರ್‌ಪಿ ಬರಬೇಕಲ್ಲ” ಎಂಬುದು ಸುದ್ದಿಮನೆಯವರಿಂದ ಖಾಸಗಿಯಾಗಿ ಕೇಳಿಬರುವ ಮಾತು. ಅದನ್ನು ಪರೀಕ್ಷಿಸುವ ಅವಕಾಶವೊಂದು ಯಾರೂ ಯೋಜಿಸದೆ ಒದಗಿಬಂದಿತ್ತು. 2020ರ ಅಕ್ಟೋಬರ್‌ನಲ್ಲಿ ರೇಟಿಂಗ್ ತಿರುಚಿದ ಆರೋಪವನ್ನು ಮುಂಬೈ ಪೊಲೀಸರು ಬಯಲಿಗೆ ತಂದರು. ಆ ಪ್ರಕರಣವನ್ನು ಮುಂದೆ ಮಹಾರಾಷ್ಟ್ರ ಸರ್ಕಾರವೇ ಹಿಂಪಡೆಯಿತು, ಅದರ ಗುಣಾವಗುಣ ನನಗೆ ಬೇಡ. ಆದರೆ ಆರೋಪ ಬಂದ ಬೆನ್ನಿಗೇ ಸುದ್ದಿವಾಹಿನಿಗಳ ವಾರದ ಅಂಕಿಗಳನ್ನು ಬಾರ್ಕ್ ನಿಲ್ಲಿಸಿತು. ಅವು ಮತ್ತೆ ಹೊರಬಂದದ್ದು ತಮ್ಮ ಸಚಿವಾಲಯ ಸೂಚಿಸಿದ ಮೇಲೆ, 2022ರ ಮಾರ್ಚ್‌ನಲ್ಲಿ. ಹೆಚ್ಚುಕಡಿಮೆ ಹದಿನೇಳು ತಿಂಗಳು ಪ್ರತಿ ಗುರುವಾರ ಬರುತ್ತಿದ್ದ ಆ ಅಂಕಿಯ ಹಂಗು ಯಾವ ಸಂಪಾದಕರಿಗೂ ಇರಲಿಲ್ಲ. ಬೇಕಿದ್ದರೆ ಸಂಜೆಯ ಒಂದು ಗಂಟೆಯನ್ನು ಬೇರೆ ರೀತಿಯಲ್ಲಿ ಕಳೆದು ನೋಡಬಹುದಿತ್ತು, ಸೋತರೂ ಮರುವಾರ ಯಾರೂ ಪಟ್ಟಿ ಹಿಡಿದು ಬರುತ್ತಿರಲಿಲ್ಲ. ಒಬ್ಬ ನೋಡುಗನಾಗಿ ನನಗೆ ಬದಲಾವಣೆ ಕಾಣಲಿಲ್ಲ. ಕೊರೊನಾದ ಎರಡನೆಯ ಅಲೆಯಲ್ಲಿ ಹಾಸಿಗೆ, ಆಮ್ಲಜನಕ ಎಂದು ಜನ ನಿಜಕ್ಕೂ ಸುದ್ದಿಗಾಗಿ ತಡಕಾಡುತ್ತಿದ್ದ ತಿಂಗಳುಗಳೂ ಅದರಲ್ಲಿ ಸೇರಿದ್ದವು. ಆಗ ಹಲವು ವರದಿಗಾರರು ಜೀವ ಒತ್ತೆಯಿಟ್ಟು ಆಸ್ಪತ್ರೆ, ಸ್ಮಶಾನಗಳ ಬಾಗಿಲಿಗೆ ಹೋಗಿ ಕೆಲಸ ಮಾಡಿದ್ದನ್ನು ಮರೆಯುವುದು ಅನ್ಯಾಯ. ಅಲೆ ಇಳಿಯಿತು, ಆರು ಚೌಕಗಳು ಮರಳಿದವು. ಅಂಕಿ ಮಾತ್ರ ಇನ್ನೂ ಮರಳಿರಲಿಲ್ಲ.

ಹಾಗಾದರೆ ಚೌಕಗಳನ್ನು ಹಿಡಿದು ನಿಲ್ಲಿಸಿರುವುದು ಯಾವುದು? ನನ್ನ ಉತ್ತರ ನೀರಸವಾದದ್ದು: ಖರ್ಚು. ಚರ್ಚೆಗೆ ಒಂದು ಸ್ಟುಡಿಯೊ, ಒಬ್ಬ ನಿರೂಪಕ, ಮನೆಯಿಂದಲೇ ವಿಡಿಯೊ ಕರೆಯಲ್ಲಿ ಬಂದು ಕೂರುವ ನಾಲ್ಕು ಜನ ಸಾಕು. ಪಕ್ಷದ ವಕ್ತಾರರಿಗೆ ಪರದೆಯೇ ಸಂಭಾವನೆ. ಒಂದು ಗಂಟೆ ತುಂಬುತ್ತದೆ. ಅದೇ ಕೊಪ್ಪಳದ ಕಡೆಯ ಒಂದು ಊರಿನಲ್ಲಿ ಕೊಳವೆಬಾವಿ ಬತ್ತಿದ್ದರ, ಗುಳೆ ಹೋದವರ ಕಥೆ ತರಬೇಕಾದರೆ ವರದಿಗಾರ, ಕ್ಯಾಮೆರಾದವರು, ವಾಹನ, ಎರಡು ದಿನ ಬೇಕು. ಕೊನೆಗೆ ಕೈಗೆ ಬರುವುದು ನಾಲ್ಕು ನಿಮಿಷ. ಉಳಿದ ಐವತ್ತಾರು ನಿಮಿಷಕ್ಕೆ ಏನು ಎಂಬ ಪ್ರಶ್ನೆ ಡೆಸ್ಕಿನ ಮೇಲೆ ಹಾಗೆಯೇ ಕೂತಿರುತ್ತದೆ. ಈ ಲೆಕ್ಕ ನನಗೆ ಅರ್ಥವಾಗುತ್ತದೆ, ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. “ನಮ್ಮಲ್ಲಿ ಹಣವಿಲ್ಲ” ಎಂದು ಹೇಳಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ವಾಹಿನಿಯವರು ತಮ್ಮ ಜೇಬಿನ ಕಥೆಯನ್ನು ನಮ್ಮ ರುಚಿಯ ಕಥೆಯಾಗಿ ಹೇಳುತ್ತಾರಲ್ಲ, ಅದು ಸಹಿಸಲಾಗದ್ದು.

ಜಿಲ್ಲೆಗಳ ವಿಷಯವೂ ಹೀಗೆಯೇ. ತಾಲ್ಲೂಕು ಮಟ್ಟದಲ್ಲಿ ಸುದ್ದಿ ಕಳಿಸುವ ಅನೇಕರು ಸ್ಟ್ರಿಂಗರ್‌ಗಳು. ಪ್ರಸಾರವಾದ ಸುದ್ದಿಗಿಷ್ಟು ಎಂಬ ಲೆಕ್ಕದಲ್ಲಿ ದುಡಿಯುವವರು. ಯಾವುದು ಪ್ರಸಾರವಾಗುತ್ತದೆಯೋ ಅದನ್ನೇ ಅವರು ಕಳಿಸುತ್ತಾರೆ: ಅಪಘಾತ, ಕೊಲೆ, ಊರಿಗೆ ನುಗ್ಗಿದ ಚಿರತೆ. ಜಿಲ್ಲೆಯಿಂದ ಬರುವುದೇ ಇಂಥ ಸುದ್ದಿ ಎಂದು ಬೆಂಗಳೂರಿನ ಡೆಸ್ಕ್ ತೀರ್ಮಾನಿಸುತ್ತದೆ. ಶಾಲೆಯಲ್ಲಿ ಶಿಕ್ಷಕರಿಲ್ಲದ್ದು, ಆಸ್ಪತ್ರೆಯಲ್ಲಿ ವೈದ್ಯರಿಲ್ಲದ್ದು ದೃಶ್ಯವಾಗುವುದಿಲ್ಲ, ಇಲ್ಲದ್ದನ್ನು ಚಿತ್ರೀಕರಿಸುವುದು ಕಷ್ಟ. ಚಿರತೆಗೆ ಆ ತೊಂದರೆಯಿಲ್ಲ.

ನೋಡುಗರನ್ನು ಕೇಳುವ ಪದ್ಧತಿಯೇ ಈ ದೇಶದಲ್ಲಿ ಇರಲಿಲ್ಲ ಎನ್ನುವಂತಿಲ್ಲ. 1975ರ ಆಗಸ್ಟ್‌ನಿಂದ ಒಂದು ವರ್ಷ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ತಲುಪಿಸಿದ ಪ್ರಯೋಗ ನಡೆಯಿತು. ನಮ್ಮ ರಾಯಚೂರು, ಆಗಿನ ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿದ್ದವು. ಜನ ಏನು ನೋಡಿದರು, ಏನು ತಿಳಿದುಕೊಂಡರು ಎಂದು ಅರಿಯಲು ಇಸ್ರೊ ಸಮಾಜ ಸಂಶೋಧಕರನ್ನು ಕೆಲವು ಹಳ್ಳಿಗಳಲ್ಲೇ ಉಳಿಸಿತ್ತು. ರಾಕೆಟ್ ಹಾರಿಸುವವರಿಗೆ ಹೊಳೆದ ಈ ಕೆಲಸ ಸುದ್ದಿ ಮಾಡುವವರಿಗೆ ಇನ್ನೂ ಹೊಳೆದಿಲ್ಲ.

ಇನ್ನು ತಮ್ಮ ಸಚಿವಾಲಯದ ಒಂದು ನಂಬಿಕೆಯ ಬಗ್ಗೆ. 2022ರ ನವೆಂಬರ್‌ನ ಮಾರ್ಗಸೂಚಿಯಂತೆ ವಾಹಿನಿಗಳು ದಿನಕ್ಕೆ 30 ನಿಮಿಷ ಕೃಷಿ, ಆರೋಗ್ಯ, ಶಿಕ್ಷಣ ಮೊದಲಾದ ಸಾರ್ವಜನಿಕ ಹಿತದ ವಿಷಯಗಳನ್ನು ಪ್ರಸಾರ ಮಾಡಬೇಕು. ಮಧ್ಯರಾತ್ರಿಯಿಂದ ಬೆಳಿಗ್ಗೆ ಆರರವರೆಗೆ ತೋರಿಸಿದ್ದು ಲೆಕ್ಕಕ್ಕಿಲ್ಲ ಎಂದು ಆಮೇಲೆ ಸೂಚನೆಯಲ್ಲಿ ಸೇರಿಸಲಾಯಿತು. ಆ ಸಾಲನ್ನು ಓದಿ ನಗು ಬಂತು. ಬಿಟ್ಟರೆ ಇದನ್ನು ಎಲ್ಲರೂ ಮಲಗಿದ ಮೇಲೆ ತೋರಿಸುತ್ತಾರೆ ಎಂದು ತಮಗೂ ಖಾತ್ರಿಯಿತ್ತು. ಅಂದರೆ ಕೃಷಿ, ಆರೋಗ್ಯ ಎಂದರೆ ಕಷಾಯದಂತೆ ಕುಡಿಸಬೇಕಾದ ವಸ್ತು, ತಾನಾಗಿ ಯಾರೂ ನೋಡರು ಎಂಬುದರಲ್ಲಿ ವಾಹಿನಿಗೂ ಸಚಿವಾಲಯಕ್ಕೂ ಭಿನ್ನಾಭಿಪ್ರಾಯವಿಲ್ಲ. ಈರುಳ್ಳಿಯ ಬೆಲೆ ಬಿದ್ದಾಗ ಗದಗ, ಹಾವೇರಿಯ ರೈತನಿಗೆ ಅದಕ್ಕಿಂತ ಬಿಸಿ ಸುದ್ದಿ ಯಾವುದಿದೆ? ಈ 30 ನಿಮಿಷದ ಬಗ್ಗೆ ವಾಹಿನಿಗಳು ತಮಗೆ ತಿಂಗಳ ವರದಿ ಸಲ್ಲಿಸಬೇಕೆಂದಿದೆ. ಯಾವ ದಿನ, ಯಾವ ಹೊತ್ತಿಗೆ, ಯಾವ ಕಾರ್ಯಕ್ರಮ ಎಂಬ ವಿವರದೊಂದಿಗೆ ಅವುಗಳನ್ನು ನೋಡುಗರ ಭಾಷೆಯಲ್ಲೇ ಪ್ರಕಟಿಸಿ.

ರೇಟಿಂಗ್ ವಿಷಯದಲ್ಲಿ ನನ್ನ ಕೋರಿಕೆ ಸಣ್ಣದು. 2022ರಿಂದ ಸುದ್ದಿವಾಹಿನಿಗಳಿಗೆ ನಾಲ್ಕು ವಾರಗಳ ಸರಾಸರಿ ಕೊಡುವ ಪದ್ಧತಿ ಬಂದದ್ದು ಒಳ್ಳೆಯದೇ ಆಯಿತು. ಅದರ ಜತೆಗೆ ಕರ್ನಾಟಕದಲ್ಲಿ ಮೀಟರ್‌ಗಳು ನಗರ, ಹಳ್ಳಿಗಳ ನಡುವೆ ಹೇಗೆ ಹಂಚಿಕೆಯಾಗಿವೆ, ಎರಡು ವಾಹಿನಿಗಳ ನಡುವಿನ ಅಂತರ ಇಂಥ ಆಯ್ದ ಮನೆಗಳ ಎಣಿಕೆಯಲ್ಲಿ ಸಹಜವಾಗಿ ಬರುವ ದೋಷದ ಮಿತಿಗಿಂತ ದೊಡ್ಡದೇ ಎಂಬುದು ಅಂಕಿಯ ಪಕ್ಕದಲ್ಲೇ ಇರುವಂತೆ ಮಾರ್ಗಸೂಚಿಯಲ್ಲಿ ಕಡ್ಡಾಯ ಮಾಡಿ. “ನಾವೇ ನಂಬರ್ ಒನ್” ಎಂಬ ಫಲಕಗಳು ಅದರಿಂದ ಎಷ್ಟು ಕಡಿಮೆಯಾದರೂ ಲಾಭವೇ.

ದೊಡ್ಡ ಕೋರಿಕೆ ದೂರದರ್ಶನದ ಕನ್ನಡ ವಾಹಿನಿ ಚಂದನದ ಬಗ್ಗೆ. ಅದನ್ನು ನಡೆಸುವ ಪ್ರಸಾರ ಭಾರತಿ ಸ್ವಾಯತ್ತ ಸಂಸ್ಥೆ, ಅದರ ಸುದ್ದಿಯನ್ನು ತಾವು ಬರೆಸುವಂತಿಲ್ಲ ಎಂಬುದು ಗೊತ್ತು. ಹಣ ಒದಗಿಸಬಲ್ಲಿರಿ. 1990ರ ಪ್ರಸಾರ ಭಾರತಿ ಕಾಯ್ದೆಯೇ ಪ್ರಜೆಗಳ ತಿಳಿಯುವ ಹಕ್ಕನ್ನು ಕಾಯುವುದನ್ನೂ, ಕೃಷಿ, ಆರೋಗ್ಯ, ಗ್ರಾಮೀಣಾಭಿವೃದ್ಧಿಗೆ ವಿಶೇಷ ಗಮನ ಕೊಡುವುದನ್ನೂ ಅದರ ಕರ್ತವ್ಯವೆಂದು ಬರೆದಿದೆ. ಖಾಸಗಿ ವಾಹಿನಿಗೆ ಸೋಲುವ ಭಯವಿದೆ. ಸಾರ್ವಜನಿಕ ಹಣದಲ್ಲಿ ನಡೆಯುವ ವಾಹಿನಿಗೆ ಅಷ್ಟಿರಬೇಕಾಗಿಲ್ಲ. ರಾಜ್ಯದ ಪ್ರತಿ ಜಿಲ್ಲೆಯಲ್ಲೂ ತಿಂಗಳ ಸಂಬಳದ ವರದಿಗಾರರನ್ನೂ ಕ್ಯಾಮೆರಾದವರನ್ನೂ ನೇಮಿಸಲು ಒಂದು ವರ್ಷದ ಅನುದಾನ ಕೊಡಿ. ರಾತ್ರಿ ಒಂಬತ್ತರಿಂದ ಒಂದು ಗಂಟೆ ಜಿಲ್ಲೆಗಳ ಸುದ್ದಿಯೇ ಇರಲಿ, ತಮ್ಮ ಸರ್ಕಾರದ ಯೋಜನೆಗಳು ಊರು ತಲುಪದ ಸುದ್ದಿಯೂ ಸೇರಿ. ವರ್ಷದ ಕೊನೆಗೆ ಯಾವುದಾದರೂ ವಿಶ್ವವಿದ್ಯಾಲಯದ ಮೂಲಕ ನೋಡಿದವರನ್ನೂ ನೋಡದವರನ್ನೂ ಕೇಳಿಸಿ: ಏನು ಸಿಕ್ಕಿತು, ಏನು ಸಿಗಲಿಲ್ಲ, ಯಾವುದಕ್ಕೆ ಬೇರೆ ವಾಹಿನಿಗೆ ಹೋದಿರಿ? ಬಂದ ಉತ್ತರ ನಾನು ಅಂದುಕೊಂಡದ್ದಕ್ಕೆ ತೀರ ವಿರುದ್ಧವಾಗಿದ್ದರೂ ಸರಿ, ಅದನ್ನು ಕನ್ನಡದಲ್ಲಿ ಪ್ರಕಟಿಸಿ.

ಇಂತಿ ತಮ್ಮ ವಿಶ್ವಾಸಿ,
ಕರ್ನಾಟಕದ ಒಬ್ಬ ನೋಡುಗ