ಉಣಕಲ್ ಕೆರೆ ವಾಕಿಂಗ್ ಗುಂಪಿಗೆ ಸೂಚನೆ

ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ಸಿನ ನಿಲ್ದಾಣದ ಹತ್ತಿರ ಇಬ್ಬರು ಸೇರಿ ಒಬ್ಬ ಹುಡುಗನಿಗೆ ಹೊಡೆದ ವಿಡಿಯೋ ಯಾರಿಗೂ ಕಳಿಸಬೇಡಿ. ಅಳಿಸಲೂಬೇಡಿ, ಪೊಲೀಸರು ಕೇಳಬಹುದು.

"ನಾವು ನಡುವೆ ಹೋಗಬೇಕಿತ್ತಾ?" ಅಂತ ಕೆಲವರು ಕೇಳಿದ್ದೀರಿ. ನೀವು ಒಬ್ಬರೇ ಇದ್ದರೆ, ಅಥವಾ ಹೊಡೆಯುವವರ ಕೈಯಲ್ಲಿ ಚಾಕು, ರಾಡು ಕಂಡರೆ ಬೇಡವೇ ಬೇಡ. ದೂರ ನಿಂತು 112ಕ್ಕೆ ಫೋನ್ ಮಾಡಿ, ಜಾಗ, ಗಾಡಿ ನಂಬರ್ ಹೇಳಿ. ನಾಲ್ಕು ಜನ ಇದ್ದರೆ ಜೋರಾಗಿ ಕೂಗಿ. ಹೊಡೆಯುವವನ ಜೊತೆ ವಾದ ಬೇಡ. "ಏ ತಮ್ಮಾ, ಬಾರೋ ಇಲ್ಲಿ, ಅವ್ವ ಕರೀಲಿಕತ್ತಾಳ" ಅಂತ ಏಟು ತಿನ್ನುವವನನ್ನೇ ಪರಿಚಯದವರ ಹಾಗೆ ಕರೆಯಿರಿ.

ಬೇರೆಯವರ ಮೈ ಕಾಪಾಡುವ ಹಕ್ಕು ಭಾರತೀಯ ನ್ಯಾಯ ಸಂಹಿತೆಯ 35ನೇ ಕಲಮಿನಲ್ಲಿದೆ. ಆದರೆ ತಡೆಯಲು ಬೇಕಾದಷ್ಟೇ ಬಲ. ಸಿಟ್ಟಿಗೆ ನಾವೂ ನಾಲ್ಕು ಬಿಟ್ಟರೆ ಕೇಸು ನಮ್ಮ ಮೇಲೂ ಬೀಳುತ್ತದೆ. ಇನ್ನು "ಗಂಡ ಹೆಂಡತಿ ಜಗಳ, ನಮಗ್ಯಾಕೆ" ಅನ್ನುವ ಮಾತು ನನಗಂತೂ ಒಪ್ಪಿಗೆಯಿಲ್ಲ. ಹೆಣ್ಣುಮಕ್ಕಳಿಗಾಗಿ 181 ಸಹಾಯವಾಣಿ ಮತ್ಯಾಕೆ ಇದೆ ಹೇಳಿ?