ಚಿರತೆ ಬಿಲ ತೋಡುವುದಿಲ್ಲ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಜಿಲ್ಲಾ ಪುಟದಲ್ಲಿ ‘ತೋಟದಲ್ಲಿ ನಿಗೂಢ ಬಿಲ: ಚಿರತೆ ಶಂಕೆ, ಗ್ರಾಮಸ್ಥರಲ್ಲಿ ಆತಂಕ’ ಎಂಬ ಸುದ್ದಿ ಬಂದಿತ್ತು. ಜೊತೆಗೊಂದು ಫೋಟೊ. ತೆಂಗಿನ ತೋಟದ ಅಂಚು, ಹಳ್ಳದ ದಿಬ್ಬ, ಲಂಟಾನ ಪೊದೆಯ ಬುಡದಲ್ಲಿ ಮೂರು ಬಿಲದ ಬಾಯಿ. ಅದನ್ನು ಓದಿದ ಮೇಲೆ ನಮ್ಮೂರಿನಲ್ಲಿ ಸಂಜೆ ಮಕ್ಕಳನ್ನು ಟ್ಯೂಷನ್‌ಗೆ ಕಳಿಸುವುದೇ ನಿಂತುಹೋಗಿದೆ. ಚಿರತೆ ನಮ್ಮ ಸೀಮೆಯಲ್ಲಿ ಇಲ್ಲವೆಂದು ನಾನು ವಾದಿಸುವುದಿಲ್ಲ. ಇದೆ, ನಮ್ಮ ಕೇರಿಯ ನಾಯಿಯನ್ನೇ ಹೊತ್ತೊಯ್ದಿದೆ. ಆದರೆ ಚಿರತೆ ಮಲಗುವುದು, ಮರಿ ಹಾಕುವುದು ಬಂಡೆ ಸಂದಿಯಲ್ಲಿ, ಗುಹೆಯಲ್ಲಿ, ದಟ್ಟ ಪೊದೆಯಲ್ಲಿ, ಇಲ್ಲವೇ ಕಬ್ಬಿನ ಗದ್ದೆಯಲ್ಲಿ. ಮಣ್ಣು ಅಗೆದು ಸುರಂಗ ಮಾಡುವ ಪ್ರಾಣಿ ಅದಲ್ಲ.

ನನ್ನ ತವರು ಮೂಡಿಗೆರೆ ಕಡೆಯ ಕಾಫಿ ಸೀಮೆ, ಬಂದು ಸೇರಿದ್ದು ಹಳೇಬೀಡಿನ ಬಯಲಿಗೆ. ಬೇಲೂರು ತಾಲ್ಲೂಕಿನ ವಿಚಿತ್ರವೇ ಅದು: ಬಿಕ್ಕೋಡಿನ ಕಡೆ ಹೋದರೆ ಮಲೆನಾಡು, ಜಾವಗಲ್ ಕಡೆ ತಿರುಗಿದರೆ ಬಯಲುಸೀಮೆ. ಎರಡೂ ಕಡೆಯ ಪ್ರಾಣಿಗಳು ನಮ್ಮ ಬದುಗಳ ಕೆಳಗೆ ಬಿಡಾರ ಹೂಡುತ್ತವೆ. ಹಾಗಾಗಿ ಬಿಲ ಕಂಡಾಗ ಯಾರದ್ದೆಂದು ಕೇಳಿಕೊಳ್ಳುವುದು ನನಗೆ ಹುಡುಗಿಯಾಗಿದ್ದಾಗಿನಿಂದ ಬಂದ ಚಾಳಿ.

ವರದಿಯಲ್ಲಿ ಚಿರತೆಯ ಶಂಕೆಗೆ ಕೊಟ್ಟ ಕಾರಣ ಒಂದೇ: ಬಿಲದ ಬಾಯಲ್ಲಿ ದನದ ಮೂಳೆ ಬಿದ್ದಿದ್ದವು. ಅದನ್ನೇ ಓದಿ ನಾನು ಇ-ಪೇಪರ್ ತೆರೆದು ಫೋಟೊ ದೊಡ್ಡದು ಮಾಡಿ ನೋಡಿದೆ. ಎಡಗಡೆಯ ಬಿಲದ ಮುಂದೆ, ಸಡಿಲ ಮಣ್ಣಿನ ಮೇಲೆ ಕಪ್ಪು ಬಿಳುಪು ಪಟ್ಟೆಯ ಕಡ್ಡಿಯೊಂದು ಬಿದ್ದಿದೆ. ಫೋಟೊ ತೆಗೆದವರು ಅದನ್ನು ಹೆಚ್ಚುಕಮ್ಮಿ ತುಳಿದುಕೊಂಡೇ ನಿಂತಿರಬೇಕು. ಅದು ಮುಳ್ಳುಹಂದಿಯ ಮುಳ್ಳು.

ಹಾಗಾದರೆ ಮೂಳೆ? ಮುಳ್ಳುಹಂದಿ ಬೇಟೆಯಾಡುವುದಿಲ್ಲ. ಗೆಡ್ಡೆ, ಬೇರು, ತೊಗಟೆ, ಬಿದ್ದ ಹಣ್ಣು ತಿನ್ನುತ್ತದೆ. ನಮ್ಮ ಆಲೂಗೆಡ್ಡೆ, ಗೆಣಸು, ಎಳೆ ತೆಂಗಿನ ಸುಳಿಯನ್ನಂತೂ ಬಿಡುವುದೇ ಇಲ್ಲ. ಆದರೆ ಎಲ್ಲೋ ಸತ್ತ ದನದ ಒಣ ಮೂಳೆ ಸಿಕ್ಕರೆ ಬಿಲಕ್ಕೆ ಎಳೆದು ತಂದು ಕಡಿಯುತ್ತಾ ಕೂರುತ್ತದೆ. ಇಲಿ, ಅಳಿಲುಗಳ ಹಾಗೆ ಇದೂ ದಂಶಕ ಜಾತಿ. ಮುಂಬಲ್ಲು ಬದುಕಿಡೀ ಬೆಳೆಯುವುದರಿಂದ ಸವೆಸಲೇಬೇಕು, ಮೂಳೆಯಿಂದ ಸುಣ್ಣದ ಅಂಶವೂ ಸಿಗುತ್ತದೆ. ಅದು ಕಡಿದ ಮೂಳೆಯ ಮೇಲೆ ಉಳಿ ಆಡಿಸಿದ ಹಾಗೆ ಸಾಲು ಸಾಲು ಗೀರು ಇರುತ್ತದೆ. ಮಾಂಸ ತಿನ್ನುವ ಪ್ರಾಣಿ ಕಚ್ಚಿದರೆ ಕೋರೆಹಲ್ಲಿನ ತೂತು, ಮುರಿದ ತುದಿ ಕಾಣುತ್ತದೆ. ಎರಡನ್ನೂ ಒಮ್ಮೆ ನೋಡಿದವರಿಗೆ ಮತ್ತೆ ಅನುಮಾನ ಬರುವುದಿಲ್ಲ. ಬಿಲದಿಂದ ಹೊಲದವರೆಗೆ ಸವೆದ ಕಾಲುದಾರಿ, ನಾರು ತುಂಬಿದ ಉದ್ದುದ್ದ ಹಿಕ್ಕೆ, ಉದ್ದ ಹಿಮ್ಮಡಿಯ ಹೆಜ್ಜೆ, ಅದರ ಪಕ್ಕದಲ್ಲಿ ಮುಳ್ಳು ಸವರಿದ ಗೆರೆ — ಇಷ್ಟು ಸಿಕ್ಕರೆ ಸಾಕು. ಅಂದಹಾಗೆ, ಅದು ಮುಳ್ಳನ್ನು ಬಾಣದಂತೆ ಎಸೆಯುತ್ತದೆ ಎನ್ನುವುದು ಶುದ್ಧ ಸುಳ್ಳು. ಹಿಂದಕ್ಕೆ ನುಗ್ಗಿ ಚುಚ್ಚುತ್ತದೆ. ನಾಯಿ ಸಾಕಿದವರಿಗೆ ಗೊತ್ತು.

ಬೇರೆ ಬಿಲಗಳೂ ಹೀಗೆಯೇ ತಮ್ಮ ಗುರುತು ತಾವೇ ಹೇಳುತ್ತವೆ. ಹೆಗ್ಗಣವಾದರೆ ಬಾಯಿ ಸಣ್ಣದು, ಮುಂದೆ ಮಣ್ಣಿನ ಗುಡ್ಡೆ, ಒಳಗೆ ತೆನೆ ಕೂಡಿಟ್ಟಿರುತ್ತದೆ. ಬಯಲಿನ ಸಣ್ಣ ನರಿಯ ಬಿಲಕ್ಕೆ ಹಲವು ಬಾಯಿ, ಹೊರಗೆ ಗರಿ, ಹಿಕ್ಕೆಯಲ್ಲಿ ಎಲಚಿ ಬೀಜ, ಜೀರುಂಡೆಯ ಚಿಪ್ಪು. ಉಡವಾದರೆ ಹೆಜ್ಜೆಗಳ ನಡುವೆ ಬಾಲ ಎಳೆದ ಗೆರೆ ಇರುತ್ತದೆ. ಕಾಡುಹಂದಿ ನೆಲವನ್ನು ಮೂತಿಯಲ್ಲಿ ಉಳುತ್ತದೆ, ಸುರಂಗ ತೋಡುವುದಿಲ್ಲ. ನಮ್ಮ ಕಡೆಯ ಮೊಲವೂ ತೋಡುವುದಿಲ್ಲ, ಹುಲ್ಲಿನ ಮರೆಯಲ್ಲೇ ಮಲಗುತ್ತದೆ. ಹಾವಂತೂ ಬೇರೆಯವರ ಬಿಲದಲ್ಲೇ ಇರುವುದು.

ಚಿಪ್ಪುಹಂದಿಯ ಮಾತು ಬೇರೆ, ಅದಕ್ಕಾಗಿಯೇ ಈ ಪತ್ರ ಬರೆಯಬೇಕೆನಿಸಿದ್ದು. ಹುತ್ತದ ಆಸುಪಾಸಿನಲ್ಲಿ ದುಂಡನೆಯ ಬಾಯಿ, ಗೋಡೆಯ ಮೇಲೆ ಉಗುರಿನ ಗೀರು. ಒಳಗೆ ಮಲಗಿದ್ದಾಗ ಬಾಯಿಯನ್ನು ಮಣ್ಣಿನಿಂದ ಮುಚ್ಚಿಕೊಂಡಿರುವುದುಂಟು, ನೋಡಿದವರು ಹಳೆಯ ಬಿಲವೆಂದುಕೊಳ್ಳುತ್ತಾರೆ. ನಮ್ಮ ಪಕ್ಕದ ಊರಿನಲ್ಲಿ ಅಂಥ ಬಿಲಕ್ಕೆ ಹೆಗ್ಗಣವೆಂದು ಹುಲ್ಲು ತುರುಕಿ ಹೊಗೆ ಹಾಕಿದರು. ಆಮೇಲೆ ಅಗೆದಾಗ ಸಿಕ್ಕಿದ್ದು ಸುರುಳಿ ಸುತ್ತಿಕೊಂಡೇ ಸತ್ತಿದ್ದ ಚಿಪ್ಪುಹಂದಿ. ಹಲ್ಲೇ ಇಲ್ಲದ, ಗೆದ್ದಲು ಇರುವೆ ತಿಂದು ಬದುಕುವ, ಒಂದು ಸಲಕ್ಕೆ ಸಾಮಾನ್ಯವಾಗಿ ಒಂದೇ ಮರಿ ಹಾಕುವ ಪ್ರಾಣಿ. ತೆಂಗಿನ ಸಸಿಗೆ ಗೆದ್ದಲು ಹತ್ತಿತೆಂದು ಔಷಧಿಗೆ ದುಡ್ಡು ಸುರಿಯುವವರು ನಾವೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿ ಅದು ಇದೆ. ಕೊಂದರೆ ಕನಿಷ್ಠ 3 ವರ್ಷ, 7 ವರ್ಷದವರೆಗೂ ಜೈಲು. ಅದರ ಚಿಪ್ಪಿಗೆ ಔಷಧಿ ಗುಣವಿದೆ ಎಂದು ದುಡ್ಡಿನ ಆಸೆ ತೋರಿಸಿಕೊಂಡು ಬರುವವರಿದ್ದಾರೆ. ಆ ಚಿಪ್ಪು ನಮ್ಮ ಉಗುರು ಯಾವುದರಿಂದ ಆಗಿದೆಯೋ ಅದರಿಂದಲೇ ಆಗಿರುವುದು.

ಹೊಗೆಗಿಂತ ಬಿಲಕ್ಕೆ ಹಾಕುವ ವಿಷದ ಗುಳಿಗೆ ಇನ್ನೂ ಕೆಟ್ಟದ್ದು. ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆ ತೇವ ತಾಗಿದೊಡನೆ ಫಾಸ್ಫೀನ್ ಅನಿಲ ಬಿಡುತ್ತದೆ. ಅದು ಒಳಗಿರುವುದು ಹೆಗ್ಗಣವೋ, ಇಲಿ ತಿನ್ನುವ ಕೇರೆ ಹಾವೋ ಎಂದು ಕೇಳುವುದಿಲ್ಲ. ಬಗ್ಗಿ ನಿಂತ ಮನುಷ್ಯನನ್ನೂ ಕೇಳುವುದಿಲ್ಲ. ಮುಳ್ಳುಹಂದಿಯ ಬಿಲದಲ್ಲಿ ಹೆಬ್ಬಾವೂ ವಾಸ ಮಾಡುವುದುಂಟು. ರಾಜಸ್ಥಾನದ ಭರತಪುರ ಪಕ್ಷಿಧಾಮದಲ್ಲಿ ಒಂದೇ ಬಿಲವನ್ನು ಇವೆರಡೂ ಹಂಚಿಕೊಳ್ಳುವುದನ್ನು ತಜ್ಞರು ದಾಖಲಿಸಿದ್ದಾರೆ. ಕೋಲು ಹಾಕಿ ಕೆದಕುವ ಹುಡುಗರಿಗೆ ಇದನ್ನು ಯಾರಾದರೂ ಹೇಳಬೇಕು.

ಬೆಳೆ ಹಾಳಾದರೆ ಸುಮ್ಮನಿರಿ ಎನ್ನುವಷ್ಟು ದೊಡ್ಡ ಮನಸ್ಸು ನನಗೂ ಇಲ್ಲ. ತೆಂಗಿನ ಸಸಿಯ ಬುಡಕ್ಕೆ ತಗಡು ಸುತ್ತಿದ್ದೇನೆ, ಆಲೂಗೆಡ್ಡೆಯ ಪಟ್ಟೆಗೆ ಹಾಕಿದ ಜಾಲರಿಯನ್ನು ಒಂದಡಿ ಮಣ್ಣಿನೊಳಗೆ ಇಳಿಸಿದ್ದೇನೆ. ಮುಳ್ಳುಹಂದಿ ಹತ್ತುವುದಕ್ಕಿಂತ ಅಡಿಯಲ್ಲಿ ತೋಡುವುದರಲ್ಲೇ ಜಾಣ. ಖರ್ಚಾಯಿತು, ಆದರೆ ಸಸಿ ಉಳಿದವು. ಕೆರೆ ಏರಿಯಲ್ಲಿ ಬಿಲ ಕಂಡರೆ ಮಾತ್ರ ತಡಮಾಡದೆ ಪಂಚಾಯಿತಿಗೆ ತಿಳಿಸಬೇಕು, ಅಲ್ಲಿ ನೀರು ಜಿನುಗಲು ಶುರುವಾದರೆ ಏರಿಗೇ ಕುತ್ತು.

ಆ ಊರಿನವರು ಜೆಸಿಬಿ ತರಿಸಿ ದಿಬ್ಬ ಕಿತ್ತುಹಾಕುತ್ತೇವೆ ಎಂದಿರುವುದಾಗಿ ನಿಮ್ಮ ವರದಿಯೇ ಹೇಳುತ್ತದೆ. ಅದಕ್ಕೂ ಮುಂಚೆ ಒಂದು ಸಂಜೆ ಬಿಲದ ಬಾಯಿಗೆ ಒಲೆಯ ಬೂದಿಯನ್ನು ಜರಡಿ ಹಿಡಿದು ಹರಡಲಿ, ಬೆಳಿಗ್ಗೆ ಹೆಜ್ಜೆ ನೋಡಲಿ. ಗುರುತು ಸಿಗದಿದ್ದರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ ಗಾರ್ಡ್ ಅನ್ನು ಕರೆಸಲಿ. ನಿಮ್ಮ ವರದಿಗಾರರೂ ಜೊತೆಗೆ ಹೋಗಿ, ಈ ಸಲ ಮೂಳೆಯನ್ನು ಹತ್ತಿರದಿಂದ, ಪಕ್ಕದಲ್ಲೊಂದು ಅಳತೆಪಟ್ಟಿ ಇಟ್ಟು ಫೋಟೊ ತೆಗೆದು ತರಲಿ. ಚಿರತೆಯ ಸುದ್ದಿ ಹಾಕಿದಷ್ಟೇ ದೊಡ್ಡ ಅಕ್ಷರದಲ್ಲಿ ಅದನ್ನೂ ಹಾಕಿ.

— ಒಬ್ಬ ರೈತ ಮಹಿಳೆ, ಹಳೇಬೀಡು ಹೋಬಳಿ, ಬೇಲೂರು ತಾಲ್ಲೂಕು